ಓದು ಬರಹ ಕಷ್ಟವಾಗುವ ಮಕ್ಕಳು: ಪೋಷಕರು, ಶಿಕ್ಷಕರು ಪದೇ ಪದೇ ಕೇಳುವ ಪ್ರಶ್ನೆಗಳು

ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಯಲ್ಲಿ ಪಾಠ ಮಾಡುತ್ತಾ 22 ವರ್ಷ ಆಯಿತು. ಪೋಷಕರ ಸಭೆಯಲ್ಲಿ, ಕ್ಲಸ್ಟರ್ ಸಭೆಯಲ್ಲಿ, ಬಸ್ ಸ್ಟಾಪಿನಲ್ಲಿ, ಮದುವೆ ಮನೆಯ ಪಂಕ್ತಿಯಲ್ಲೂ ಜನ ಇವೇ ಪ್ರಶ್ನೆ ಕೇಳುತ್ತಾರೆ. ಕೆಲವರು ಪತ್ರ ಬರೆದೂ ಕೇಳಿದ್ದಾರೆ. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ನಿಮಗೆ ಬೇಕಾದ್ದನ್ನು ಮಾತ್ರ ಓದಿಕೊಂಡರೂ ಸಾಕು.

## ಶುರುವಿನ ಪ್ರಶ್ನೆಗಳು

ಮಿಸ್, ನಮ್ಮ ಹುಡುಗ ಮಾತಲ್ಲಿ ಬಲು ಚುರುಕು. ಪುಸ್ತಕ ಹಿಡಿದ್ರೆ ಮಂಕಾಗಿಬಿಡ್ತಾನೆ. ಬೇಕಂತಲೇ ಹಿಂಗ್ ಮಾಡ್ತಾನಾ?

ಇಲ್ಲ. ಇಡೀ ಕ್ಲಾಸಿನ ಎದುರು ತಲೆ ತಗ್ಗಿಸಿ ನಿಲ್ಲುವುದು ಯಾವ ಮಗುವಿಗೂ ಇಷ್ಟವಾಗುವುದಿಲ್ಲ.

ನಮ್ಮ ಕಡೆ ರೇಷ್ಮೆ ಸಾಕುವ ಮನೆಗಳು ಜಾಸ್ತಿ. ನಾಲ್ಕನೇ ಕ್ಲಾಸಿನ ಒಬ್ಬ ಹುಡುಗ ಒಂದು ಮಧ್ಯಾಹ್ನ ನನಗೆ ಹುಳದ ಪಾಠ ಮಾಡಿದ. ‘ಹುಳ ಜ್ವರಕ್ಕೆ ಕೂತಾಗ ಸೊಪ್ಪು ಹಾಕಬಾರ್ದು ಮಿಸ್, ತಲೆ ಎತ್ಕೊಂಡು ಸುಮ್ನೆ ಇರ್ತವೆ. ನಾಲ್ಕು ಜ್ವರ ಆಗಿ ಹಣ್ಣಾದ್ಮೇಲೆ ಚಂದ್ರಿಕೆಗೆ ಬಿಡಬೇಕು’ ಅಂದ. ಜ್ವರ ಅಂದರೆ ಹುಳ ಪೊರೆ ಬಿಡುವ ಹೊತ್ತು, ಚಂದ್ರಿಕೆ ಅಂದರೆ ಗೂಡು ಕಟ್ಟಲು ಹುಳ ಬಿಡುವ ತಟ್ಟೆ. ಒಂದು ಮಾತೂ ತಪ್ಪಿರಲಿಲ್ಲ. ಮಾರನೇ ದಿನ ‘ರೇಷ್ಮೆ’ ಅಂತ ಬೋರ್ಡಿನ ಮೇಲೆ ಬರೆದು ಓದು ಅಂದೆ. ಬೆರಳಿಟ್ಟು ‘ರೇ... ಷೆ... ಮ’ ಅಂದು ನಿಂತುಬಿಟ್ಟ. ಕಣ್ಣಿಗೆ ಕಾಣುವುದು ಹಾಗೆಯೇ ಅಲ್ವಾ? ಎತ್ವ ಇರುವುದು ಷಕಾರದ ತಲೆಯ ಮೇಲೆ, ಮಕಾರ ಕೆಳಗೆ. ಬಾಯಿಂದ ಬರಬೇಕಾದ್ದು ‘ಷ್ಮೆ’. ರೇಷ್ಮೆಯ ಬಗ್ಗೆ ನನಗಿಂತ ಹೆಚ್ಚು ಗೊತ್ತಿದ್ದ ಹುಡುಗನಿಗೆ ಆ ಪದ ಓದಲು ಆಗಲಿಲ್ಲ.

ಕಲಿಕಾ ನ್ಯೂನತೆ ಅಂದರೆ ಇದೇ. ಬುದ್ಧಿಗೆ ಏನೂ ಕೊರತೆ ಇರುವುದಿಲ್ಲ. ಅಕ್ಷರ ನೋಡಿದ ಕೂಡಲೇ ಅದರ ಸದ್ದು ನೆನಪಿಗೆ ಬರುವ ಕೆಲಸ ಮಾತ್ರ ತುಂಬಾ ನಿಧಾನ. ಓದಿನಲ್ಲಿ ಈ ತೊಡಕಿದ್ದರೆ ಡಿಸ್ಲೆಕ್ಸಿಯಾ, ಬರವಣಿಗೆಯಲ್ಲಿದ್ದರೆ ಡಿಸ್‌ಗ್ರಾಫಿಯಾ, ಲೆಕ್ಕದಲ್ಲಿದ್ದರೆ ಡಿಸ್‌ಕ್ಯಾಲ್ಕುಲಿಯಾ ಅನ್ನುತ್ತಾರೆ. ಒಂದೇ ಮಗುವಿಗೆ ಎರಡು ಮೂರು ಸೇರಿ ಇರುವುದೂ ಉಂಟು.

ಡಿಸ್ಲೆಕ್ಸಿಯಾ ಇಂಗ್ಲಿಷ್ ಮೀಡಿಯಂ ಮಕ್ಕಳಿಗೆ ಬರೋದಲ್ವಾ? ಕನ್ನಡ ಹೇಳಿದಂಗೆ ಬರೆಯೋ ಭಾಷೆ, ಇದರಲ್ಲೇನು ಕಷ್ಟ?

ಕನ್ನಡದಲ್ಲೂ ಇರುತ್ತದೆ. ನೋಡುವುದಕ್ಕೆ ಸ್ವಲ್ಪ ಬೇರೆ ಥರ ಕಾಣಿಸುತ್ತದೆ, ಅಷ್ಟೆ. ಇಂಗ್ಲಿಷಿನಲ್ಲಿ ಸ್ಪೆಲ್ಲಿಂಗ್ ಪೂರ್ತಿ ಅಡ್ಡಾದಿಡ್ಡಿ ಆಗುವುದರಿಂದ ತೊಂದರೆ ಬೇಗ ಗೊತ್ತಾಗುತ್ತದೆ. ಕನ್ನಡದಲ್ಲಿ ಅಕ್ಷರಕ್ಕೂ ಸದ್ದಿಗೂ ಹೊಂದಿಕೆ ಚೆನ್ನಾಗಿದೆ. ಹಾಗಾಗಿ ಮಗು ಸರಿಯಾಗಿಯೇ ಓದಬಹುದು, ಆದರೆ ಒಂದು ಸಾಲಿಗೆ ಒಂದು ನಿಮಿಷ. ಸಾಲು ಮುಗಿಯುವ ಹೊತ್ತಿಗೆ ಮೊದಲ ಪದ ಮರೆತಿರುತ್ತದೆ. ಈ ನಿಧಾನವನ್ನು ನಾವು ಸೋಮಾರಿತನ ಅಂದುಕೊಳ್ಳುತ್ತೇವೆ.

ನೋಟ್‌ಬುಕ್ ತೆಗೆದು ನೋಡಿ. ದೀರ್ಘ ಬಿಟ್ಟುಹೋಗಿರುತ್ತದೆ, ಒತ್ತು ಮಾಯವಾಗಿರುತ್ತದೆ. ಪ-ಷ, ನ-ಸ, ಯ-ಮ ಅದಲು ಬದಲಾಗಿರುತ್ತವೆ. ‘ವು’ ಬರೆಯಬೇಕಾದ ಕಡೆ ‘ಮ’ ಇರುತ್ತದೆ. ಅರ್ಕಾವೊತ್ತಂತೂ ಇಂಥ ಮಕ್ಕಳಿಗೆ ದೊಡ್ಡ ಕಾಟ. ಸದ್ದು ಮೊದಲು ಬರುತ್ತದೆ, ಗುರುತು ಆಮೇಲೆ ಬರೆಯುತ್ತೇವೆ. ಅದಕ್ಕೇ ‘ಕರ್ನಾಟಕ’ವನ್ನು ‘ಕನಾರ್ಟಕ’ ಎಂದು ಓದುವ ಮಕ್ಕಳನ್ನು ಎಷ್ಟೋ ನೋಡಿದ್ದೇನೆ. ಕಂಡ ಕ್ರಮದಲ್ಲೇ ಓದಿದ್ದಾರೆ, ಪಾಪ.

ಒಂದು ಎಚ್ಚರಿಕೆ. ‘ಭೂಮಿ’ಯನ್ನು ‘ಬೂಮಿ’ ಅಂತಲೋ, ‘ಹಾಲ’ನ್ನು ‘ಆಲು’ ಅಂತಲೋ ಬರೆದ ಮಾತ್ರಕ್ಕೆ ಅನುಮಾನ ಪಡಬೇಡಿ. ಊರಲ್ಲಿ ಎಲ್ಲರೂ ಹಾಗೇ ಮಾತಾಡುವಾಗ ಮಗು ಕೇಳಿದ್ದನ್ನೇ ಬರೆಯುತ್ತದೆ.

ಎರಡನೇ ಕ್ಲಾಸಿಗೆ ಬಂದ್ರೂ ಒತ್ತಕ್ಷರ ಬರಲ್ಲ. ಗಾಬರಿ ಆಗಬೇಕಾ?

ಈಗಲೇ ಬೇಡ. ನಮ್ಮ ವರ್ಣಮಾಲೆ 49 ಅಕ್ಷರ ಅಂತ ಹೇಳುತ್ತೇವೆ. ಆದರೆ ಕಾಗುಣಿತ, ಒತ್ತಕ್ಷರ ಎಲ್ಲ ಸೇರಿದರೆ ಮಗು ಗುರುತಿಸಬೇಕಾದ ರೂಪಗಳು ನೂರಾರು. ಕನ್ನಡ ಕಲಿಯುವ ಮಕ್ಕಳ ಓದಿನ ಬಗ್ಗೆ ಸೊನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ತೋರಿಸಿತು. ಏನೂ ತೊಂದರೆ ಇಲ್ಲದ ಮಕ್ಕಳಿಗೂ ಅಕ್ಷರ ಪೂರ್ತಿ ಕೈಗೆ ಹತ್ತಲು ನಾಲ್ಕನೇ ತರಗತಿಯವರೆಗೂ ಹಿಡಿಯುತ್ತದೆ.

ಗಮನ ಇಡಬೇಕಾದ್ದು ಬೇರೆ ಕಡೆ. ‘ಮರ’ ಪದದಲ್ಲಿ ‘ಮ’ ತೆಗೆದರೆ ಏನು ಉಳಿಯುತ್ತದೆ ಅಂತ ಬಾಯಲ್ಲೇ ಕೇಳಿದರೂ ಹೇಳಲು ಬರುವುದಿಲ್ಲವೇ? ನಿನ್ನೆ ಕಲಿತ ಅಕ್ಷರ ಇಂದು ಹೊಸದರ ಹಾಗೆ ಕಾಣುತ್ತದೆಯೇ? ಆರು ತಿಂಗಳು ಜೊತೆಗೆ ಕೂತು ಕಲಿಸಿದರೂ ಹೀಗೇ ಇದ್ದರೆ ಕ್ಲಾಸ್ ಟೀಚರ್ ಹತ್ತಿರ ಮಾತಾಡಿ. ಸಹಾಯ ಶುರು ಮಾಡುವುದಕ್ಕೆ ಯಾವ ವಯಸ್ಸಿನ ಲೆಕ್ಕವೂ ಬೇಡ.

ನಾವು ಮನೇಲಿ ಲಂಬಾಣಿ ಮಾತಾಡೋದು. ನಮ್ಮ ಮಗಳು ಅದಕ್ಕೇ ಹಿಂದೆ ಬಿದ್ದಿದಾಳಾ ಅಥವಾ ಇದೇ ತೊಂದರೆನಾ?

ಈ ಪ್ರಶ್ನೆ ಕೇಳಿದ ತಾಯಿಗೆ ನನ್ನ ನಮಸ್ಕಾರ. ಮೇಷ್ಟ್ರುಗಳು ಕೇಳಿಕೊಳ್ಳಬೇಕಾದ ಪ್ರಶ್ನೆ ಇದು. ಮನೆಯಲ್ಲಿ ಲಂಬಾಣಿ, ಉರ್ದು, ತೆಲುಗು, ತುಳು ಆಡುವ ಮಗುವಿಗೆ ಕನ್ನಡ ಪುಸ್ತಕದ ಪದಗಳೇ ಹೊಸದು. ಅದಕ್ಕೆ ಬೇಕಾದ್ದು ಕನ್ನಡದ ಮಾತು, ಕತೆ, ಒಡನಾಟ. ಅಪ್ಪ ಅಮ್ಮನ ಜೊತೆ ಗುಳೆ ಹೋಗಿ ವರ್ಷಕ್ಕೆ ನಾಲ್ಕು ತಿಂಗಳು ಶಾಲೆ ತಪ್ಪಿಸಿಕೊಂಡ ಮಗುವೂ ಹಿಂದೆ ಬೀಳುತ್ತದೆ. ಅದು ನ್ಯೂನತೆ ಅಲ್ಲ.

ವ್ಯತ್ಯಾಸ ತಿಳಿಯಲು ಮನೆ ಭಾಷೆಯಲ್ಲೇ ಆಟ ಆಡಿಸಿ. ಪದದ ಸದ್ದು ಬಿಡಿಸುವುದು, ಪ್ರಾಸ ಹೇಳುವುದು, ವಾರದ ಹೆಸರು ಸಾಲಾಗಿ ಹೇಳುವುದು. ಅದರಲ್ಲಿ ಚುರುಕಾಗಿದ್ದರೆ ಕನ್ನಡದ ರೂಢಿ ಸಾಲದು ಅಂತ ಅರ್ಥ. ಮನೆ ಮಾತಿನಲ್ಲೂ ಅದೇ ಎಡವಟ್ಟು ಇದ್ದರೆ ಮುಂದೆ ತೋರಿಸಬೇಕು.

ಇದಕ್ಕೂ ಮೊದಲು ಕಣ್ಣು, ಕಿವಿ ಪರೀಕ್ಷೆ ಮಾಡಿಸಿ. ‘ಓದಲ್ಲ’ ಎಂದು ಎರಡು ವರ್ಷ ಬೈಸಿಕೊಂಡ ಒಬ್ಬ ಹುಡುಗಿಗೆ ಕೊನೆಗೆ ಬೇಕಾಗಿದ್ದು ಕನ್ನಡಕ. ಬೈದವರಲ್ಲಿ ನಾನೂ ಇದ್ದೆ. ಇವತ್ತಿಗೂ ಅದು ನನ್ನನ್ನು ಚುಚ್ಚುತ್ತದೆ.

ಇದಕ್ಕೆ ಔಷಧಿ ಇದೆಯಾ? ಅತ್ತೆ ಬಜೆ, ಒಂದೆಲಗ ಅಂತಾರೆ. ಯಾರೋ ಬಣ್ಣದ ಕನ್ನಡಕ ಅಂದ್ರು.

ಓದು ಕಲಿಸುವ ಔಷಧಿ ಇಲ್ಲ. ಒಂದೆಲಗದ ಚಟ್ನಿ ಊಟಕ್ಕೆ ಚೆನ್ನ, ಓದಿಗಲ್ಲ. ಬಣ್ಣದ ಕನ್ನಡಕಕ್ಕೆ ಗಟ್ಟಿ ಆಧಾರ ಇಲ್ಲ, ದುಡ್ಡು ಹಾಕಬೇಡಿ. ‘ಮೂರು ತಿಂಗಳಲ್ಲಿ ಗುಣ’ ಅನ್ನುವವರಿಂದ ದೂರ ಇರಿ. ಮಗುವಿಗೆ ಗಮನ ನಿಲ್ಲದ ತೊಂದರೆ, ಅಂದರೆ ಎಡಿಎಚ್‌ಡಿ ಕೂಡ ಇದ್ದರೆ ಅದಕ್ಕೆ ಚಿಕಿತ್ಸೆ ಇದೆ. ಅದನ್ನು ಡಾಕ್ಟರ್ ಹೇಳಬೇಕು. ಈ ತೊಡಕು ಜೀವನಪೂರ್ತಿ ಸ್ವಲ್ಪ ಇದ್ದೇ ಇರುತ್ತದೆ. ಸರಿಯಾಗಿ ಕಲಿಸಿದರೆ ಓದಲು ಖಂಡಿತ ಬರುತ್ತದೆ.

## ತರಗತಿಯೊಳಗೆ

ನನ್ನ ಕ್ಲಾಸಲ್ಲಿ 38 ಮಕ್ಕಳಿದಾರೆ. ಒಬ್ಬನಿಗೆ ಅಂತ ಟೈಮ್ ಎಲ್ಲಿಂದ ತರಲಿ?

ನಿಮ್ಮ ಕಷ್ಟ ನನಗೆ ಗೊತ್ತು. ಬಿಸಿಯೂಟದ ಲೆಕ್ಕ, ಆನ್‌ಲೈನ್ ಎಂಟ್ರಿ, ಗಣತಿ ಎಲ್ಲ ಮುಗಿಸಿ ಪಾಠ ಮಾಡಬೇಕು. ಆದ್ದರಿಂದ ಸಮಯವೇ ಬೇಡದ ಕೆಲಸಗಳಿಂದ ಶುರು ಮಾಡಿ.

ಆ ಮಗುವನ್ನು ಮುಂದಿನ ಸಾಲಿಗೆ, ಬೋರ್ಡಿಗೆ ನೇರವಾಗಿ ಕೂರಿಸಿ. ಪಕ್ಕದಲ್ಲಿ ಸಮಾಧಾನದ ಮಗು ಇರಲಿ, ಕ್ಲಾಸಿಗೆ ಫಸ್ಟ್ ಬರುವವರೇ ಆಗಬೇಕಿಲ್ಲ. ಇದ್ದಕ್ಕಿದ್ದಂತೆ ‘ಎದ್ದು ಓದು’ ಅನ್ನಬೇಡಿ. ಓದಿಸಲೇಬೇಕಿದ್ದರೆ ಹಿಂದಿನ ದಿನವೇ ‘ನಾಳೆ ಈ ಎರಡು ಸಾಲು ನಿನ್ನದು’ ಅಂತ ಹೇಳಿಬಿಡಿ. ಮನೆಯಲ್ಲಿ ಹತ್ತು ಸಲ ಹೇಳಿಕೊಂಡು ಬರುತ್ತಾನೆ. ಮೊದಲ ಸಲ ತಡೆಯಿಲ್ಲದೆ ಎರಡು ಸಾಲು ಓದಿದಾಗ ಆ ಮುಖ ನೋಡಬೇಕು ನೀವು.

ಪ್ರಶ್ನೆ ಕೇಳಿದ ಮೇಲೆ ಮನಸ್ಸಿನಲ್ಲೇ ಐದು ಎಣಿಸಿ. ನಾವು ಎರಡು ಎಣಿಸುವುದರೊಳಗೆ ಬೇರೆಯವರ ಕಡೆ ತಿರುಗಿರುತ್ತೇವೆ. ಉತ್ತರ ಅವನ ಬಾಯಿಗೆ ಬರುವ ಹೊತ್ತಿಗೆ ಅವಕಾಶ ಹೋಗಿರುತ್ತದೆ.

ಒಂದರಿಂದ ಮೂರರವರೆಗೆ ಕಲಿಸುವವರಿಗೆ ನಲಿ-ಕಲಿ ಇದೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ಈ ಪದ್ಧತಿಯ ಜೀವಾಳವೇ ಮಗು ತನ್ನ ವೇಗದಲ್ಲಿ ಏಣಿ ಹತ್ತುವುದು. ಶಿಕ್ಷಕರ ಪೂರ್ಣ ಸಹಾಯದ ತಟ್ಟೆಯಲ್ಲಿ, ಅಂದರೆ ಗುಂಪಿನಲ್ಲಿ, ಈ ಮಗು ಜಾಸ್ತಿ ದಿನ ಇದ್ದರೆ ಇರಲಿ ಬಿಡಿ. ಪ್ರಗತಿ ನೋಟದಲ್ಲಿ ಎಲ್ಲರೂ ಒಂದೇ ಮೆಟ್ಟಿಲಲ್ಲಿ ಕಾಣಬೇಕು ಎಂದು ತಳ್ಳುವುದೇ ತಪ್ಪು.

ನಾಲ್ಕನೇ ಕ್ಲಾಸಿನ ಮಗುವಿಗೆ ಅಕ್ಷರ ಮತ್ತೆ ಕಲಿಸಬೇಕು ಅಂದ್ರೆ ಎಲ್ಲಿಂದ ಶುರು ಮಾಡೋದು?

ಅ ಆ ಇ ಈ ಇಂದ ಬೇಡ. ಒಂದನೇ ಕ್ಲಾಸಿಂದ ಸೋತ ದಾರಿ ಅದು. ನಲಿ-ಕಲಿಯ ‘ರ ಗ ಸ ದ ಅ’ ಎಷ್ಟು ಜಾಣತನದ ಆಯ್ಕೆ ನೋಡಿ. ಐದೇ ಅಕ್ಷರಕ್ಕೆ ಸರ, ದರ, ಅರಸ, ಅಗಸ, ಗರಗಸ ಎಲ್ಲ ಬಂದುಬಿಡುತ್ತದೆ. ಎರಡನೇ ದಿನವೇ ಮಗು ಪದ ಓದುತ್ತದೆ. ನಾಲ್ಕು ವರ್ಷ ಓದಲಾಗದೆ ಕೂತ ಮಗುವಿಗೆ ಅದು ಸಣ್ಣ ವಿಷಯವಲ್ಲ.

ದಿನಕ್ಕೆ ಹದಿನೈದು ನಿಮಿಷ ಸಾಕು, ಆದರೆ ದಿನಾ ಇರಬೇಕು. ಶನಿವಾರ ಒಂದೇ ಸಲ ಎರಡು ಗಂಟೆ ಕೂರಿಸಿದರೆ ಪ್ರಯೋಜನ ಇಲ್ಲ. ಮೊದಲ ಐದು ನಿಮಿಷ ಬರೀ ಕಿವಿಯ ಆಟ. ‘ಗರಗಸ’ಕ್ಕೆ ಎಷ್ಟು ಚಪ್ಪಾಳೆ? ‘ಸರ’ ತಿರುಗಿಸಿ ಹೇಳಿದರೆ? ಆಮೇಲೆ ತಟ್ಟೆಯಲ್ಲಿ ಮರಳೋ ರಾಗಿಯೋ ಹರಡಿ ಬೆರಳಲ್ಲಿ ಬರೆಸಿ. ಬರೆಯುವಾಗ ಬಾಯಲ್ಲಿ ಸದ್ದು ಬರಲೇಬೇಕು. ಕೈ, ಕಣ್ಣು, ಕಿವಿ, ಬಾಯಿ ಒಟ್ಟಿಗೆ ಕೆಲಸ ಮಾಡಿದರೆ ಅಕ್ಷರ ಗಟ್ಟಿಯಾಗಿ ಕೂರುತ್ತದೆ.

ಒಂದೇ ಥರ ಕಾಣುವ ಅಕ್ಷರಗಳನ್ನು ಒಂದೇ ವಾರ ಕಲಿಸಬೇಡಿ. ‘ಪ’ ಪೂರ್ತಿ ಗಟ್ಟಿಯಾಗಿ ಎರಡು ವಾರ ಕಳೆದ ಮೇಲೆ ‘ಷ’ಕ್ಕೆ ಬನ್ನಿ. ‘ಷ’ದ ಹೊಟ್ಟೆಯೊಳಗಿನ ಗೆರೆಯನ್ನು ಕೆಂಪು ಸೀಮೆಸುಣ್ಣದಲ್ಲಿ ಬರೆಯಿರಿ.

ಒತ್ತಕ್ಷರಕ್ಕೂ ಒಂದು ಕ್ರಮ ಇದೆ. ಕ್ಕ, ಗ್ಗ, ಚ್ಚ, ಜ್ಜ ಇವುಗಳಲ್ಲಿ ಕೆಳಗಿನ ಒತ್ತು ಮೇಲಿನ ಅಕ್ಷರದ ಹಾಗೇ ಕಾಣುತ್ತದೆ, ತಲೆಕಟ್ಟು ಇರುವ ಅಕ್ಷರವಾದರೆ ಅದು ಮಾತ್ರ ಇರುವುದಿಲ್ಲ. ಅಕ್ಕ, ಅಜ್ಜ, ಹಗ್ಗ ಮೊದಲು ಬರಲಿ. ತ, ನ, ಮ, ಯ, ರ, ಲ ಇವುಗಳ ಒತ್ತಿಗೆ ರೂಪವೇ ಬೇರೆ. ಮಗುವಿಗೆ ಅದು ಹೊಸ ಅಕ್ಷರವೇ. ಹಾಗೆಂದು ಬಾಯಿಬಿಟ್ಟು ಹೇಳಿ, ಒಂದೊಂದಾಗಿ ಕಲಿಸಿ. ಅಪ್ಪ ಬಂದ ಮಗುವಿಗೆ ಅಮ್ಮ ಬರದಿದ್ದರೆ ಆಶ್ಚರ್ಯ ಪಡಬೇಡಿ. ಅರ್ಕಾವೊತ್ತು ಎಲ್ಲಕ್ಕಿಂತ ಕೊನೆಗೆ. ಅಲ್ಲಿಯವರೆಗೆ ಬಾಣದ ಗುರುತು ಹಾಕಿ, ‘ಇದನ್ನ ಮೊದಲು ಹೇಳು’ ಅಂತ ತೋರಿಸಿ.

ಇನ್ನೊಂದು ಮಾತು. ಹತ್ತು ವರ್ಷದ ಹುಡುಗನ ಕೈಗೆ ಒಂದನೇ ಕ್ಲಾಸಿನ ಪುಸ್ತಕ ಎಲ್ಲರೆದುರು ಕೊಡಬೇಡಿ. ಅವನೇ ಹೇಳಿದ ಕತೆಯನ್ನು ನೀವು ನಾಲ್ಕು ಸಾಲು ದೊಡ್ಡ ಅಕ್ಷರದಲ್ಲಿ ಬರೆಯಿರಿ. ಅದೇ ಅವನ ಪುಸ್ತಕ. ನಮ್ಮ ರೇಷ್ಮೆ ಹುಡುಗ ಓದಲು ಕಲಿತದ್ದು ‘ಹುಳ’, ‘ಸೊಪ್ಪು’, ‘ಗೂಡು’ಗಳಿಂದ. ‘ರೇಷ್ಮೆ’ ಬರಲು ಫೆಬ್ರವರಿ ಆಯಿತು.

ಬೋರ್ಡ್ ಮೇಲಿರೋದನ್ನ ಪೂರ್ತಿ ಬರ್ಕೊಳೋದೇ ಇಲ್ಲ. ನೋಟ್ಸ್ ಯಾವಾಗ್ಲೂ ಅರ್ಧ. ಏನು ಮಾಡೋದು?

ಒಂದು ಸಲ ಅವನ ಪಕ್ಕ ನಿಂತು ತಲೆ ಎಷ್ಟು ಸಲ ಮೇಲೆ ಕೆಳಗೆ ಆಗುತ್ತದೆ ಎಣಿಸಿ. ಬೇರೆ ಮಕ್ಕಳು ಒಂದು ಪದವನ್ನೋ ಅರ್ಧ ಸಾಲನ್ನೋ ನೆನಪಿಟ್ಟುಕೊಂಡು ಬರೆಯುತ್ತಾರೆ. ಇವನು ಒಂದೊಂದು ಅಕ್ಷರಕ್ಕೂ ತಲೆ ಎತ್ತುತ್ತಾನೆ. ಮತ್ತೆ ಸಾಲು ಹುಡುಕುತ್ತಾನೆ. ಅಷ್ಟರಲ್ಲಿ ಡಸ್ಟರ್ ಬಂದಿರುತ್ತದೆ.

ಪಕ್ಕದ ಮಗುವಿನ ನೋಟ್ಸನ್ನು ಫೋಟೋ ತೆಗೆದು ಮನೆಗೆ ಕಳಿಸಿ, ಇಲ್ಲವೇ ಜೆರಾಕ್ಸ್ ಮಾಡಿಸಿ ಅಂಟಿಸಿ. ಅವನು ಮುಖ್ಯವಾದ ಮೂರು ಸಾಲು ಬರೆದರೆ ಸಾಕು. ಉಳಿದ ಹೊತ್ತು ಪಾಠ ಕೇಳಲಿ. ಇಂಥ ಮಕ್ಕಳು ಕೇಳಿಸಿಕೊಂಡೇ ಜಾಸ್ತಿ ಕಲಿಯುವುದು.

ಉಕ್ತಲೇಖನದಲ್ಲಿ ಹತ್ತಕ್ಕೆ ಒಂದು. ತಪ್ಪಿದ್ದನ್ನ ಇಪ್ಪತ್ತಿಪ್ಪತ್ತು ಸಲ ಬರೆಸ್ತೀನಿ. ಸರಿ ತಾನೇ?

ನಾನೂ ಹಾಗೇ ಬರೆಸುತ್ತಿದ್ದೆ. ಒಂದು ದಿನ ಒಬ್ಬ ಹುಡುಗಿಯ ಪುಸ್ತಕ ನಿಧಾನವಾಗಿ ನೋಡಿದೆ. ‘ವಿದ್ಯಾರ್ಥಿ’ ಮೊದಲ ಎರಡು ಸಲ ಸರಿ ಇತ್ತು. ಮೂರನೆಯದರಲ್ಲಿ ಒತ್ತು ಹೋಯಿತು. ಆಮೇಲಿನ ಹದಿನೇಳು ಸಲವೂ ಅವಳು ತಪ್ಪು ಪದವನ್ನೇ ಅಭ್ಯಾಸ ಮಾಡಿದ್ದಳು. ಮೊದಲು ಎಲ್ಲ ‘ವಿ’, ಆಮೇಲೆ ಕೆಳಗಿನವರೆಗೆ ‘ದ್ಯಾ’, ಹೀಗೆ ಕಂಬದ ಹಾಗೆ ಬರೆದಿದ್ದಳು. ಇಡೀ ಪದವನ್ನು ಒಂದೇ ಓಟದಲ್ಲಿ ಆಮೇಲೆ ಒಂದು ಸಲವೂ ಬರೆದಿರಲಿಲ್ಲ.

ಹತ್ತರ ಬದಲು ನಾಲ್ಕು ಪದ ಕೊಡಿ, ನಾಲ್ಕೂ ಒಂದೇ ಬಗೆಯವು. ನೋಡಿ, ಹೇಳಿ, ಮುಚ್ಚಿ, ಬರೆದು, ತೆರೆದು ತಾವೇ ಹೋಲಿಸಲಿ. ಮೂರು ಸಲ ಸಾಕು. ತಿದ್ದುವಾಗ ಪುಟ ಪೂರ್ತಿ ಕೆಂಪು ಮಾಡಬೇಡಿ. ಈ ವಾರ ದೀರ್ಘ ಮಾತ್ರ ತಿದ್ದುತ್ತೇನೆ ಎಂದು ಮೊದಲೇ ಹೇಳಿ. ವಿಜ್ಞಾನ, ಸಮಾಜದ ಉತ್ತರದಲ್ಲಿ ವಿಷಯ ಸರಿ ಇದ್ದರೆ ಕಾಗುಣಿತಕ್ಕೆ ಅಂಕ ಕತ್ತರಿಸಬೇಡಿ.

ಮಗ್ಗಿ ಎಷ್ಟು ಬಾಯಿಪಾಠ ಮಾಡಿಸಿದ್ರೂ ಮರೀತಾಳೆ. ಸಂಖ್ಯೆನೂ ತಿರುಗಾಮುರುಗಾ. ಲೆಕ್ಕಕ್ಕೆ ಏನು ಮಾಡ್ಲಿ?

ಮೊದಲು ಸಂಖ್ಯೆಯ ಹೆಸರು ಕಿವಿಗೆ ಹೇಗೆ ಬೀಳುತ್ತಿದೆ ನೋಡಿ. ಒಂಬತ್ತು, ಹತ್ತೊಂಬತ್ತು, ಎಂಬತ್ತು, ತೊಂಬತ್ತು. ಸುಮ್ಮನೆ ಒಂದು ಸಲ ಜೋರಾಗಿ ಹೇಳಿಕೊಳ್ಳಿ, ಗೊಂದಲ ನಿಮಗೇ ಗೊತ್ತಾಗುತ್ತದೆ. ತೊಂಬತ್ತಕ್ಕೆ ಹತ್ತು ಕಡ್ಡಿಯ ಒಂಬತ್ತು ಕಟ್ಟು, ಹತ್ತೊಂಬತ್ತಕ್ಕೆ ಒಂದು ಕಟ್ಟು ಒಂಬತ್ತು ಬಿಡಿ. ಕೈಯಲ್ಲಿ ಹಿಡಿದು ನೋಡಿದರೆ ಭಾರದಲ್ಲೇ ವ್ಯತ್ಯಾಸ ತಿಳಿಯುತ್ತದೆ.

‘ಎರಡೊಂದ್ಲ ಎರಡು’ ಅಂತ ಹಾಡಿದರೆ ಕೆಲವರಿಗೆ ನಾಲಿಗೆಗೆ ಬರುತ್ತದೆ, ತಲೆಗೆ ಬರುವುದಿಲ್ಲ. ಹುಣಸೆ ಬೀಜ ಸಾಲಾಗಿ ಇಟ್ಟು ಮೂರು ನಾಲ್ಕಲಿ ಅಂದರೆ ಏನು ಅಂತ ಕಣ್ಣಿಗೆ ಕಾಣಿಸಿ. ಅಳಗುಳಿ ಮಣೆ, ಚೌಕಾಬಾರ ಆಡಿಸಿ. ಮಗ್ಗಿಯ ಪಟ್ಟಿಯನ್ನು ಪುಸ್ತಕದ ಹಿಂದೆ ಅಂಟಿಸಿಕೊಳ್ಳಲು ಬಿಡಿ. ಅದು ಕಾಪಿ ಅಲ್ಲ. ಭಾಗಾಕಾರದ ಹೆಜ್ಜೆ ಕಲಿಯುವಾಗ ಮಗ್ಗಿ ನೆನಪಿಲ್ಲ ಎಂಬ ಕಾರಣಕ್ಕೆ ಅವಳು ಅಲ್ಲೇ ನಿಲ್ಲಬಾರದು. ಚೌಕಳಿ ಪುಸ್ತಕದಲ್ಲಿ ಬರೆಸಿದರೆ ಬಿಡಿ, ಹತ್ತು, ನೂರು ಸಾಲು ತಪ್ಪುವುದಿಲ್ಲ.

ಬೇರೆ ಮಕ್ಕಳು ‘ಅವನಿಗೆ ಮಾತ್ರ ಯಾಕೆ ಕಮ್ಮಿ ಹೋಂವರ್ಕ್’ ಅಂತಾರೆ. ಏನು ಹೇಳಲಿ?

‘ಕನ್ನಡಕ ಹಾಕ್ಕೊಂಡವಳನ್ನ ನೋಡಿ ನನಗೂ ಬೇಕು ಅಂತೀರಾ?’ ಅಂತ ಕೇಳಿ. ಮಕ್ಕಳಿಗೆ ತಕ್ಷಣ ಅರ್ಥವಾಗುತ್ತದೆ. ದೊಡ್ಡವರಿಗೇ ಸ್ವಲ್ಪ ತಡ.

## ತಪಾಸಣೆ, ಸರ್ಟಿಫಿಕೇಟ್, ಪರೀಕ್ಷೆ

ಇದೇ ತೊಂದರೆ ಅಂತ ಖಚಿತ ಮಾಡ್ಕೋಬೇಕು. ಯಾರ ಹತ್ರ ಹೋಗಬೇಕು? ಎಷ್ಟನೇ ವಯಸ್ಸಿಗೆ?

ಶಿಕ್ಷಕರು ಅನುಮಾನ ಪಡಬಹುದು, ಹೀಗೇ ಎಂದು ತೀರ್ಮಾನ ಮಾಡುವ ಹಾಗಿಲ್ಲ. ನಾಲ್ಕೈದು ಪುಟದ ಬರಹ, ಓದಿದಾಗ ಆದ ತಪ್ಪುಗಳ ಪಟ್ಟಿ, ಏನೇನು ಸಹಾಯ ಮಾಡಿ ನೋಡಿದಿರಿ ಎಂಬ ಟಿಪ್ಪಣಿ ಇಟ್ಟುಕೊಳ್ಳಿ. ಡಾಕ್ಟರ್ ಹತ್ತಿರ ಇದು ತುಂಬಾ ಉಪಯೋಗಕ್ಕೆ ಬರುತ್ತದೆ.

ಮೊದಲು ಬ್ಲಾಕ್ ಸಂಪನ್ಮೂಲ ಕೇಂದ್ರ, ಅಂದರೆ ಬಿಆರ್‌ಸಿಯಲ್ಲಿರುವ ಬಿಐಇಆರ್‌ಟಿ, ಅಂದರೆ ವಿಶೇಷ ಅಗತ್ಯವಿರುವ ಮಕ್ಕಳಿಗಾಗಿ ಇರುವ ಶಿಕ್ಷಕರಿಗೆ ತಿಳಿಸಿ. ಮಕ್ಕಳ ಆರೋಗ್ಯ ತಪಾಸಣೆಗೆ ಶಾಲೆಗೆ ಬರುವ ಆರ್‌ಬಿಎಸ್‌ಕೆ ತಂಡಕ್ಕೂ ತೋರಿಸಬಹುದು. ಅಲ್ಲಿಂದ ಜಿಲ್ಲಾ ಆಸ್ಪತ್ರೆ. ಮಾನಸಿಕ ಆರೋಗ್ಯ ಸಂಸ್ಥೆಗಳಾದ ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್, ಮೈಸೂರಿನ ವಾಕ್ ಶ್ರವಣ ಸಂಸ್ಥೆಗೂ ಹೋಗಬಹುದು. ಕಣ್ಣು, ಕಿವಿ, ಬುದ್ಧಿಮಟ್ಟ ನೋಡಿ ಆಮೇಲೆ ಓದು, ಬರಹ, ಲೆಕ್ಕದ ಪರೀಕ್ಷೆ ಮಾಡುತ್ತಾರೆ. ಇದಕ್ಕೆ ನಿಮ್ಹಾನ್ಸ್ ರೂಪಿಸಿದ ಪರೀಕ್ಷೆಗಳ ಗುಚ್ಛವೇ ಇದೆ. ಒಂದೇ ದಿನದಲ್ಲಿ ಮುಗಿಯದೆ ಇರಬಹುದು, ಬುತ್ತಿ ಕಟ್ಟಿಕೊಂಡು ಹೋಗಿ.

2018ರ ಕೇಂದ್ರದ ಮಾರ್ಗಸೂಚಿ ಪ್ರಕಾರ 8 ವರ್ಷ ತುಂಬಿದ ಮೇಲೆ ಸರ್ಟಿಫಿಕೇಟ್ ಕೊಡುತ್ತಿದ್ದರು. 14ಕ್ಕೆ ಮತ್ತು 18ಕ್ಕೆ ಮತ್ತೆ ಮಾಡಿಸಬೇಕಿತ್ತು. 18ರಲ್ಲಿ ಕೊಟ್ಟದ್ದು ಜೀವನಪೂರ್ತಿ ನಡೆಯುತ್ತಿತ್ತು. 2024ರಲ್ಲಿ ಮಾರ್ಗಸೂಚಿ ಬದಲಾಗಿದೆ, ಈಗಿನ ಲೆಕ್ಕ ಆಸ್ಪತ್ರೆಯಲ್ಲೇ ಕೇಳಿಕೊಳ್ಳಿ. ಮತ್ತೆ ಮಾಡಿಸುವುದನ್ನು ಮರೆಯಬೇಡಿ, ಎಸ್ಸೆಸ್ಸೆಲ್ಸಿ ಬೇಗ ಬಂದುಬಿಡುತ್ತದೆ.

ಎಸ್ಸೆಸ್ಸೆಲ್ಸಿಗೆ ಏನಾದ್ರೂ ಅನುಕೂಲ ಸಿಗುತ್ತಾ? ಯಾವಾಗ ಕೇಳಬೇಕು?

ಸಿಗುತ್ತದೆ. 1995ರ ಕಾನೂನಿನಲ್ಲಿ ಕಲಿಕಾ ನ್ಯೂನತೆಯ ಹೆಸರೇ ಇರಲಿಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಪಟ್ಟಿ ಮಾಡಿದ 21 ಬಗೆಗಳಲ್ಲಿ ಇದೂ ಸೇರಿತು. ಇಂಥ ತೊಡಕನ್ನು ಆದಷ್ಟು ಬೇಗ ಗುರುತಿಸಿ ಸರಿಯಾದ ಕ್ರಮ ತೆಗೆದುಕೊಳ್ಳುವುದು ಶಾಲೆಯ ಹೊಣೆ ಎಂದು ಅದರ 16ನೇ ಸೆಕ್ಷನ್ ಹೇಳುತ್ತದೆ.

ಮುಖ್ಯವಾಗಿ ಸಿಗುವುದು ಹೆಚ್ಚುವರಿ ಸಮಯ, ಬೇಕಿದ್ದರೆ ಬರೆದುಕೊಡಲು ಲಿಪಿಕಾರರು. ಬರೆಯಲು ಕಷ್ಟವಿದ್ದು ನ್ಯೂನತೆ ಶೇ. 40 ಅಥವಾ ಅದಕ್ಕಿಂತ ಹೆಚ್ಚಿದ್ದವರಿಗೆ ಗಂಟೆಗೆ ಕನಿಷ್ಠ 20 ನಿಮಿಷ ಜಾಸ್ತಿ ಕೊಡಬೇಕು ಎಂದು 2018ರಲ್ಲಿ ಕೇಂದ್ರ ಹೇಳಿತು. ಅಂದರೆ ಮೂರು ಗಂಟೆಯ ಪರೀಕ್ಷೆಗೆ ಒಂದು ಗಂಟೆ. ಶೇ. 40 ಇಲ್ಲ ಎಂಬ ಒಂದೇ ಕಾರಣಕ್ಕೆ ಲಿಪಿಕಾರರನ್ನು ನಿರಾಕರಿಸುವಂತಿಲ್ಲ ಎಂದು 2021ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ.

ಅರ್ಜಿ ಹೋಗುವುದು ಹೆಡ್ಮಾಸ್ಟರ್ ಮೂಲಕ ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿಗೆ. ಹತ್ತನೇ ಕ್ಲಾಸು ಶುರುವಾದ ತಿಂಗಳಲ್ಲೇ ಹೆಡ್ಮಾಸ್ಟರ್ ಹತ್ತಿರ ಕೇಳಿ, ಆ ವರ್ಷದ ಸುತ್ತೋಲೆ ಓದಿಸಿಕೊಳ್ಳಿ. ಹಾಲ್ ಟಿಕೆಟ್ ಬಂದ ಮೇಲೆ ಓಡಾಡಿದರೆ ಕಷ್ಟ. ಇನ್ನೊಂದು, ಲಿಪಿಕಾರರಿಗೆ ಉತ್ತರ ಹೇಳಿ ಬರೆಸುವುದೂ ಒಂದು ಅಭ್ಯಾಸ. ಒಂಬತ್ತನೇ ಕ್ಲಾಸಿನ ಕಿರುಪರೀಕ್ಷೆಗಳಲ್ಲೇ ರೂಢಿ ಮಾಡಿಸಿ.

ಸರ್ಟಿಫಿಕೇಟ್ ತಗೊಂಡ್ರೆ ಮಗಳಿಗೆ ಹಣೆಪಟ್ಟಿ ಬೀಳಲ್ವಾ? ನಾಳೆ ಮದುವೆ ಅಂತ ಬಂದಾಗ?

ಈ ಭಯ ನನಗೆ ಅರ್ಥವಾಗುತ್ತದೆ. ಆದರೆ ‘ದಡ್ಡಿ’ ಅನ್ನುವ ಪಟ್ಟಿಯನ್ನು ಅವಳಿಗೆ ಆಗಲೇ ಕಟ್ಟಿದ್ದಾರೆ, ಅವಳಿಗೂ ಅದು ಗೊತ್ತು. ಸರ್ಟಿಫಿಕೇಟ್ ಬಂದರೆ ಕಷ್ಟಕ್ಕೆ ಸರಿಯಾದ ಹೆಸರು ಸಿಗುತ್ತದೆ, ಪರೀಕ್ಷೆಯಲ್ಲಿ ಸಮಯ ಸಿಗುತ್ತದೆ. ಅದನ್ನು ಊರಿಗೆ ತೋರಿಸಬೇಕಿಲ್ಲ. ಬೇಕಾದಾಗ ತೆಗೆದರಾಯಿತು. ಮಾಡಿಸದೆ ಇರುವುದೂ ನಿಮ್ಮ ಇಷ್ಟ. ಶಾಲೆಯಲ್ಲಿ ಸಹಾಯ ಕೊಡುವುದಕ್ಕೆ ಕಾಗದ ಬರಲಿ ಎಂದು ಕಾಯಬೇಕಿಲ್ಲ.

ಇಷ್ಟು ವರ್ಷ ದಡ್ಡ ಅಂತ ಬೈದೆ, ಬೆಲ್ಟಲ್ಲೂ ಹೊಡೆದೆ ಮಿಸ್. ಈಗ ಗೊತ್ತಾಯ್ತು. ನಾನೇನು ಮಾಡ್ಲಿ?

ಈ ಪ್ರಶ್ನೆ ಕೇಳಿದ ಅಪ್ಪ ಸ್ಟಾಫ್ ರೂಮಿನ ಬಾಗಿಲಲ್ಲಿ ಚಪ್ಪಲಿ ಬಿಟ್ಟು ನಿಂತಿದ್ದರು. ಒಳಗೆ ಬನ್ನಿ ಅಂದರೂ ಬರಲಿಲ್ಲ.

ಅವರಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ಇವತ್ತು ರಾತ್ರಿ ಊಟಕ್ಕೆ ಕೂತಾಗ ಹೇಳಿಬಿಡಿ: ‘ನಿಂಗೆ ಅಕ್ಷರ ಕಷ್ಟ ಆಗ್ತಿತ್ತು, ನಂಗೆ ಗೊತ್ತಾಗ್ಲಿಲ್ಲ. ತಪ್ಪು ನಂದು, ನಿಂದಲ್ಲ.’ ಅಷ್ಟೇ ಸಾಕು, ಉದ್ದದ ಮಾತು ಬೇಡ. ನಾಳೆಯಿಂದ ರಾತ್ರಿ ಹತ್ತು ನಿಮಿಷ ಪಾಠವನ್ನು ನೀವೇ ಗಟ್ಟಿಯಾಗಿ ಓದಿ ಹೇಳಿ, ಅವನು ಕೇಳಲಿ. ನಿಮಗೆ ಓದಲು ಬರದಿದ್ದರೆ ಅಕ್ಕನೋ ಅಣ್ಣನೋ ಓದಲಿ, ನೀವಿಬ್ಬರೂ ಜೊತೆಗೆ ಕೂತು ಕೇಳಿ. ಅವನು ಚೆನ್ನಾಗಿ ಮಾಡುವ ಒಂದು ಕೆಲಸವನ್ನು, ಮೋಟರ್ ರಿಪೇರಿಯೋ ಕುರಿ ನೋಡಿಕೊಳ್ಳುವುದೋ, ನೆಂಟರ ಎದುರು ಹೆಸರು ಹಿಡಿದು ಹೇಳಿ.

ಆ ಅಪ್ಪ ತಲೆ ಆಡಿಸಿ ಹೋದರು. ಮರುದಿನ ಬೆಳಿಗ್ಗೆ ಪ್ರಾರ್ಥನೆಗೆ ಮುಂಚೆ ಆ ಹುಡುಗ ನನ್ನ ಮೇಜಿನ ಹತ್ತಿರ ಬಂದು ನಿಂತ. ‘ಮಿಸ್, ನಿನ್ನೆ ನಮ್ಮಪ್ಪ ನಂಗೆ ಪಾಠ ಓದಿದ್ರು. ಅವರಿಗೂ ಒತ್ತಕ್ಷರ ತಪ್ಪುತ್ತೆ’ ಅಂದ.